ಮಳೆ, ನಾಯಿ ಮತ್ತು ಅವ್ವನ ಮಾತು

 

ನಮ್ಮ ಚಚಡಿಯಲ್ಲಿ ಎಂಟು ದಿನದಿಂದ ಜಿಟಿಜಿಟಿ ಮಳೆ. ಸೂರ್ಯನ ಮುಖ ಕಂಡಿಲ್ಲ. ಇಂಥ ದಿನಗಳಲ್ಲಿ ಮನಸ್ಸೂ ಮಂಕಾಗುತ್ತದೆ, ಹೊದ್ದು ಕೂತರೆ ಏಳುವುದೇ ಬೇಡವೆನಿಸುತ್ತದೆ. ಈ ವರ್ಷ ನನ್ನನ್ನು ಎಬ್ಬಿಸುತ್ತಿರುವುದು, ಹೋದ ತಿಂಗಳು ಮಗ ಬೀದಿಯಿಂದ ತಂದ ಕರಿ ನಾಯಿ. ನಸುಕಿನಲ್ಲೇ ಬಾಗಿಲು ಕೆರೆಯುತ್ತದೆ. ಕೊಡೆ ಹಿಡಿದು ಇಬ್ಬರೂ ಹೊಲದ ದಾರಿಗೆ ಇಳಿಯುತ್ತೇವೆ. ಚಪ್ಪಲಿಗೆ ಎರೆಮಣ್ಣು ಮೆತ್ತಿ ಕಾಲು ಭಾರ, ತಿರುಗಿ ಬರುವಾಗ ಮನಸ್ಸು ಹಗುರ.

ಮೊದಲ ದಿನ ಅದನ್ನು ಪಡಸಾಲೆಗೆ ಕರೆದಾಗ ಅವ್ವ ಸಿಟ್ಟಾದಳು. ನನಗೆ ಮಾಸ್ತರಿಕೆಯ ಚಟ. ಮೊದಲ ಶೀಲ ನೆನಪಿಸಿದೆ. ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ಕರುಣೆಯೂ ಒಂದು ಎಂದೆ. ಅವ್ವ ಹೇಳಿದಳು:

"ಶೀಲ ನನಗೂ ಬರ್ತಾವ. ನಾ ಸಣ್ಣಾಕಿ ಇದ್ದಾಗ ಒಂದು ಮನಿ ಮುಂದ ಕೂಲಿ ಇಸಗೊಳ್ಳಾಕ ಮಳ್ಯಾಗ ನಿಂತಿದ್ದೆ. ಅವರ ನಾಯಿ ಕಟ್ಟಿ ಮ್ಯಾಲ ಬೆಚ್ಚಗ ಮಲಗಿತ್ತು. ನನಗ ಕಟ್ಟಿ ಮುಟ್ಟಬ್ಯಾಡ ಅಂದ್ರು. ಅದನ್ನ ಹ್ಯಾಂಗ ಮರೀಲಿ?"

ನನ್ನ ಪಾಠ ಅಲ್ಲಿಗೇ ನಿಂತಿತು. ಮಹಾಡದ ಚವದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದರು. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುವ ನಾನು, ನಮ್ಮ ಮನೆಯೊಳಗಿನ ಮಹಾಡವನ್ನು ಕೇಳಿಯೇ ಇರಲಿಲ್ಲ.

ಹಾಗಾದರೆ ನಾಯಿಗೆ ತೋರುವ ಮೈತ್ರಿ ಅವ್ವನ ನೋವಿಗೆ ಮಾಡುವ ಅವಮಾನವೇ? ಮಳೆಯಲ್ಲಿ ನಡೆಯುತ್ತ ಇದನ್ನೇ ಯೋಚಿಸಿದೆ. ಅಂದು ನಾಯಿ ಕಟ್ಟೆಯ ಮೇಲೆ ಮಲಗಿದ್ದು ತಪ್ಪಲ್ಲ, ಹುಡುಗಿಯೊಬ್ಬಳನ್ನು ಕೆಳಗೆ ನಿಲ್ಲಿಸಿದ್ದು ತಪ್ಪು. ಬಾಬಾಸಾಹೇಬರು ಕೆರೆಗೆ ಇಳಿದರು, ಅಲ್ಲಿಂದ ಯಾವ ದನವನ್ನೂ ಓಡಿಸಲಿಲ್ಲ. ನಮಗಿಂತ ಕೆಳಗೆ ಇನ್ನೊಂದು ಜೀವವನ್ನು ನಿಲ್ಲಿಸಿಕೊಂಡರೆ ಸಿಗುವ ಸಮಾಧಾನ ಜಾತಿಯ ಏಣಿಯ ಸಮಾಧಾನವೇ.

ಆದರೂ ನನ್ನ ತಪ್ಪು ಉಳಿಯಿತು. ಈಗ ವರ್ಷಾವಾಸ. ಮಳೆಗಾಲದಲ್ಲಿ ತಿರುಗಾಡುವ ಭಿಕ್ಖುಗಳು ಎಳೆಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆಂದು ಜನ ದೂರಿದಾಗ, ಭಗವಾನ್ ಬುದ್ಧರು ಮೂರು ತಿಂಗಳು ಒಂದೆಡೆ ನೆಲೆ ನಿಲ್ಲಲು ಹೇಳಿದರು. ಕಾಲಡಿಯ ಹುಳುವನ್ನೂ ನೋಡು ಎನ್ನುವ ಧಮ್ಮ ನಮ್ಮದು. ನಾನು ಮೈತ್ರಿಯನ್ನು ನಾಯಿಗೆ ಕೊಟ್ಟೆ, ಅವ್ವನಿಗೆ ಬರೀ ಪಾಠ ಕೊಟ್ಟೆ.

ನಾಯಿ ಈಗ ಅಂಗಳದ ತಗಡಿನ ಕೆಳಗೆ ಗೋಣಿಚೀಲದ ಮೇಲೆ ಮಲಗುತ್ತದೆ. ಒಳಗೆ ಬೇಡವೆಂಬ ಅವ್ವನ ಮಾತಿಗೆ ಮಗನೂ ನಾನೂ ಒಪ್ಪಿದ್ದೇವೆ. ಅವಳು ಅದನ್ನು ಇನ್ನೂ ಮುಟ್ಟಿಲ್ಲ. ನಿನ್ನೆ ಸಂಜೆ ಮಳೆ ಜೋರಾದಾಗ ಮಾತ್ರ, "ಅದು ಬಂತೇನೋ?" ಎಂದು ಕೇಳಿದಳು.

ಇಂದಿನ ಅಭ್ಯಾಸ: ಮನೆಯ ಹಿರಿಯರ ಹತ್ತಿರ ಕೂತು, ಮಳೆಯಲ್ಲಿ ಅವರನ್ನು ಹೊರಗೆ ನಿಲ್ಲಿಸಿದ ದಿನವೊಂದಿದ್ದರೆ ಕೇಳಿರಿ. ಪೂರ್ತಿ ಕೇಳಿರಿ. ನಡುವೆ ಉಪದೇಶ ಬೇಡ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್.