ಹೊಸ ಕಾರಿನ ಹಳೆಯ ಕಬ್ಬಿಣ

ಶೋರೂಮಿನಿಂದ ಆಗಷ್ಟೇ ಮನೆಗೆ ಬಂದ ಕಾರನ್ನು ಎಲ್ಲರೂ ಕಣ್ಣಿಂದ ನೋಡುತ್ತಾರೆ, ಕೈಯಿಂದ ನೋಡುವವರು ಕಡಿಮೆ. ಹಾರ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಕೀಲಿಕೈ ಹಿಡಿದು ತೆಗೆಸಿಕೊಂಡ ಫೋಟೊ, ಇಷ್ಟರ ನಡುವೆ ಬಾನೆಟ್ಟಿನ ಮೇಲೆ ಕೈಯಿಟ್ಟು ಸವರಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಸವರಿ ನೋಡಬೇಕು. ಕಾರನ್ನು ಚೆನ್ನಾಗಿ ತೊಳೆದು ಒರೆಸಿದ ಮೇಲೆ ತೆಳುವಾದ ಒಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಬೆರಳ ತುದಿಯನ್ನು ಬಣ್ಣದ ಮೇಲೆ ಹಗುರವಾಗಿ ಓಡಿಸಿದರೆ ಸಾಕು. ಕಣ್ಣಿಗೆ ಫಳಫಳ ಹೊಳೆಯುವ ಜಾಗದಲ್ಲೇ ಬೆರಳಿಗೆ ನವಿರಾದ ಮರಳು ತಾಕುತ್ತದೆ. ಬರಿಗೈಗೆ ಇಷ್ಟು ಸ್ಪಷ್ಟವಾಗಿ ತಿಳಿಯದು. ಬರಿಚರ್ಮ ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ನಡುವೆ ಪ್ಲಾಸ್ಟಿಕ್ ಬಂದರೆ ಆ ಹಿಡಿತ ತಪ್ಪಿ, ದಾರಿಗೆ ಅಡ್ಡ ಬರುವುದು ಆ ಕಣಗಳು ಮಾತ್ರ. ಶಾಂಪೂ ಹಾಕಿ ಎಷ್ಟು ಸಲ ತೊಳೆದರೂ ಅವು ಹೋಗುವುದಿಲ್ಲ. ಬಣ್ಣದ ಮೇಲ್ಪದರಕ್ಕೆ ಹಲ್ಲು ಊರಿ ಕೂತಿರುತ್ತವೆ.

ಊರಿನ ರಸ್ತೆಗೇ ಇನ್ನೂ ಇಳಿಯದ ಕಾರಿಗೆ ಇದು ಎಲ್ಲಿಂದ ಬಂತು? ಕಾರ್ಖಾನೆಯಲ್ಲಿ ಕಾರಿನ ಲೋಹದ ಮೈ ಫಾಸ್ಫೇಟ್ ಸ್ನಾನದಲ್ಲಿ ಮುಳುಗೇಳುತ್ತದೆ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಹೊದ್ದು, ಒಲೆಯ ಬಿಸಿಯಲ್ಲಿ ಬೆಂದು ಹೊರಬರುತ್ತದೆ. ಆ ಗಳಿಗೆಯಲ್ಲಿ ಅದು ನಿಜಕ್ಕೂ ಶುಭ್ರ. ಆದರೆ ಅಲ್ಲಿಂದ ನಮ್ಮ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಒಂದು ಬಾಳೇ ಕಳೆದಿರುತ್ತದೆ. ಬಯಲಿನ ಯಾರ್ಡಿನಲ್ಲಿ ಬಿಸಿಲು ಮಳೆ ಕಂಡಿರುತ್ತದೆ. ಹೆದ್ದಾರಿಯಲ್ಲಿ ಟ್ರೇಲರ್ ಲಾರಿಯ ಬೆನ್ನೇರಿ ಬಂದಿರುತ್ತದೆ, ಇಲ್ಲವೇ ರೈಲಿನಲ್ಲಿ. ನಮ್ಮ ರೈಲ್ವೆಯಲ್ಲಿ ಕಾರು ಸಾಗಿಸಲಿಕ್ಕೆಂದೇ ಹಳೆಯ ಪ್ರಯಾಣಿಕರ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ತುದಿಯಲ್ಲಿ ಬಾಗಿಲು ಮಾಡಿದ ವ್ಯಾಗನ್‌ಗಳಿವೆ. ಎಷ್ಟು ಮುಚ್ಚಿದರೂ ಧೂಳು ನುಸುಳುತ್ತದೆ. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಉಜ್ಜುವಾಗ, ಬ್ರೇಕು ಚಕ್ರವನ್ನು ಕಚ್ಚುವಾಗ ಸಿಡಿಯುವ ಕಬ್ಬಿಣದ ಕಣಗಳು ಅತಿ ಸಣ್ಣವು. ಕೆಲವು ಕೆಂಡದಷ್ಟು ಬಿಸಿಯಾಗಿಯೇ ಹಾರಿ ಬಂದು ಕ್ಲಿಯರ್ ಕೋಟಿಗೆ ನಾಟಿಕೊಳ್ಳುತ್ತವೆ. ಈ ಕಸುಬಿನವರು ಇದನ್ನು ರೈಲ್ ಡಸ್ಟ್ ಎನ್ನುತ್ತಾರೆ. ಜೊತೆಗೆ ಮರದ ಅಂಟು, ಡಾಂಬರಿನ ಚುಕ್ಕೆ, ಪಕ್ಕದಲ್ಲೆಲ್ಲೋ ಗೇಟಿಗೆ ಬಣ್ಣ ಹೊಡೆಯುವಾಗ ಗಾಳಿಗೆ ತೇಲಿ ಬಂದ ತುಂತುರು.

ಕಬ್ಬಿಣ ಕೂತಲ್ಲೇ ಸುಮ್ಮನಿರುವ ವಸ್ತುವಲ್ಲ. ತೇವ ತಾಗಿದರೆ ತುಕ್ಕಾಗುತ್ತದೆ, ತುಕ್ಕಾದರೆ ಉಬ್ಬುತ್ತದೆ, ಉಬ್ಬಿದರೆ ಸುತ್ತಲಿನ ಪದರವನ್ನು ಒಳಗಿನಿಂದ ಒತ್ತುತ್ತದೆ. ನಮ್ಮಲ್ಲಿ ಬಿಳಿ ಕಾರುಗಳೇ ಹೆಚ್ಚಾದ್ದರಿಂದ ಮಳೆಗಾಲ ಕಳೆಯುವಷ್ಟರಲ್ಲಿ ಕಿತ್ತಳೆ ಬಣ್ಣದ ಸೂಜಿಮೊನೆಯಂಥ ಚುಕ್ಕೆಗಳು ಎದ್ದು ಕಾಣುತ್ತವೆ. ಹೊಸ ಕಾರಿಗೆ ಆಗಲೇ ತುಕ್ಕು ಹಿಡಿಯಿತೇ ಎಂದು ಮಾಲೀಕರು ಗಾಬರಿಯಾಗುತ್ತಾರೆ. ತುಕ್ಕು ಹಿಡಿದದ್ದು ಕಾರಿಗಲ್ಲ, ಅದರ ಮೈಯಲ್ಲಿ ಹೊಕ್ಕು ಕೂತ ಇನ್ನೊಂದರ ಕಬ್ಬಿಣಕ್ಕೆ.

ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಇಲ್ಲಿರುವ ಒಂದು ಸಂಗತಿ. ಈ ಕೊಳೆಯನ್ನು ಯಾರೂ ಎರಚಿದ್ದಲ್ಲ. ಕಾರನ್ನು ನಮ್ಮ ತನಕ ಹೊತ್ತು ತಂದ ಚಕ್ರದ್ದೇ ಅದು, ಅಪಘಾತವಾಗದಂತೆ ತಡೆದು ನಿಲ್ಲಿಸಿದ ಬ್ರೇಕಿನದ್ದೇ ಅದು. ಹೊತ್ತದ್ದು ತಾನು ಸವೆದು ಹೊತ್ತಿತು, ಸವೆದ ಚೂರು ಹೊರಿಸಿಕೊಂಡವರ ಮೈಗೆ ಅಂಟಿತು. ಶೈವ ದರ್ಶನ ಹೇಳುವ ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳಲ್ಲಿ ಕೊನೆಯದು ಕ್ರಿಯೆಯಿಂದಲೇ ಹುಟ್ಟುವಂಥದ್ದು. ನಡೆದದ್ದಕ್ಕೆ, ದುಡಿದದ್ದಕ್ಕೆ, ಬದುಕಿದ್ದಕ್ಕೆ ಅಂಟುವ ಮಲ. ಅದನ್ನು ತಿಳಿಯದೆ ನಾವು ಕೊಳೆ ಕಂಡ ಕೂಡಲೇ ತಪ್ಪಿತಸ್ಥರನ್ನು ಹುಡುಕುತ್ತೇವೆ. ನಮ್ಮನ್ನು ಬೆಳೆಸಿದವರ ಗದರಿಕೆಯ ಮೊನೆಗಳು, ಅವರ ಭಯಗಳು, ಅವರ ಬಡತನದ ಎಚ್ಚರಗಳು ನಮ್ಮೊಳಗೆ ನಾಟಿಕೊಂಡಿರುವುದೂ ಬಹುಪಾಲು ಹೀಗೆಯೇ. ಅವರು ಹೊತ್ತರು, ಹೊರುವಾಗ ಸವೆದರು. ಆ ಚೂರುಗಳನ್ನು ನಮ್ಮಿಂದ ತೆಗೆಯಲೇಬೇಕು, ಬಿಟ್ಟರೆ ಉಬ್ಬುತ್ತವೆ. ಆದರೆ ಅದಕ್ಕಾಗಿ ಅವರನ್ನು ದ್ವೇಷಿಸಬೇಕಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಎಷ್ಟು ಕಷ್ಟ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ತೆಗೆಯುವ ಬಗೆಯಲ್ಲಿ ಮೊದಲನೆಯದು ರಸಾಯನ. ಐರನ್ ರಿಮೂವರ್ ಎಂದು ಮಾರುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೋಲೇಟ್, ಅಂದರೆ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡಲು ಬಳಸುವ ವಸ್ತುವಿನ ಬಳಗದ್ದು. ಗಂಧಕದ ದುರ್ನಾತ ಮೂಗಿಗೆ ಹೊಡೆಯುತ್ತದೆ. ನೆರಳಿನಲ್ಲಿ, ತಣ್ಣಗಿರುವ ಮೈಮೇಲೆ ಅದನ್ನು ಸಿಂಪಡಿಸಿ ಕಾಯಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಿಳಿ ಬಾಗಿಲಿನ ಮೇಲೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ ಏಳುತ್ತದೆ, ಪ್ರತಿ ಚುಕ್ಕೆಯಿಂದ ಒಂದೊಂದು ಎಳೆ ಕೆಳಗಿಳಿಯುತ್ತದೆ, ಎಳೆಗಳು ಸೇರಿ ಸಿಲ್ಲಿನ ಅಂಚಿನಿಂದ ನೇರಳೆ ನೀರು ತೊಟ್ಟಿಕ್ಕುತ್ತದೆ. ದ್ರಾವಣ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡಿದ್ದರ ಬಣ್ಣ ಅದು. ಒಣಗಲು ಬಿಡದೆ ಕೆಲವೇ ನಿಮಿಷಗಳಲ್ಲಿ ತೊಳೆದುಬಿಡಬೇಕು. ನಿನ್ನೆ ತಾನೇ ಮನೆಗೆ ಬಂದ ಕಾರು ಹೀಗೆ ನೇರಳೆ ಸುರಿಸುವುದನ್ನು ನೋಡಿದವರು ಹೊಸತು ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಲಾರರು.

ರಸಾಯನಕ್ಕೆ ಕಬ್ಬಿಣದ ಗುರುತು ಮಾತ್ರ ಉಂಟು. ಅಂಟು, ಬಣ್ಣದ ತುಂತುರು, ಕರಗದೆ ಉಳಿದ ಚೂರುಗಳಿಗೆ ಬೇಕಾದದ್ದು ಕ್ಲೇ ಬಾರ್. ಇದು ಜಪಾನಿನ ಗ್ಯಾರೇಜುಗಳಿಂದ ಬಂದ ವಿದ್ಯೆ. ತಡಾವೊ ಕೊಡಾಟೆ ಎಂಬಾತ ಇದಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಹೆಸರಿಗೆ ಮಣ್ಣಾದರೂ ಅದು ಮಣ್ಣಲ್ಲ, ಅತಿ ಸಣ್ಣ ಸಾಣೆಪುಡಿ ಬೆರೆಸಿದ ಮೆತ್ತನೆಯ ಕೃತಕ ರಾಳ. ಚಪಾತಿ ಹಿಟ್ಟಿನಂತೆ ನಾದಿ ಅಂಗೈಯಗಲ ತಟ್ಟಿಕೊಂಡು, ಬಣ್ಣದ ಮೇಲೆ ಜಾರುದ್ರವ ಧಾರಾಳವಾಗಿ ಸಿಂಪಡಿಸಿ, ಮೂರು ಬೆರಳಿನ ಹಗುರ ಒತ್ತಡದಲ್ಲಿ ಹಿಂದೆ ಮುಂದೆ ಆಡಿಸುತ್ತಾರೆ. ಮೊದಲು ಕರಕರ ಸದ್ದು, ಬೆರಳಿಗೆ ಜಗ್ಗಿದ ಅನುಭವ. ನಾಲ್ಕಾರು ಬಾರಿ ಆಡಿಸುವಷ್ಟರಲ್ಲಿ ಸದ್ದು ಅಡಗುತ್ತದೆ, ಕ್ಲೇ ಎಣ್ಣೆಯ ಮೇಲೆ ಜಾರಿದ ಹಾಗೆ ಓಡುತ್ತದೆ. ಆ ಜಾಗ ಮುಗಿಯಿತು. ತಿರುಗಿಸಿ ನೋಡಿದರೆ ಕ್ಲೇಯ ಹೊಟ್ಟೆಯಲ್ಲಿ ಕಂದು ಗೀರುಗಳು. ಅದನ್ನು ಒಳಕ್ಕೆ ಮಡಚಿ ಹೊಸ ಮುಖ ಮಾಡಿಕೊಂಡು ಪಕ್ಕದ ಅಂಗೈಯಗಲಕ್ಕೆ ಹೋಗಬೇಕು. ಕೈಜಾರಿ ನೆಲಕ್ಕೆ ಬಿದ್ದರೆ, ಎಷ್ಟೇ ದುಬಾರಿಯಾಗಿರಲಿ, ಆ ತುಂಡನ್ನು ಎಸೆದುಬಿಡುವುದೇ ಕ್ರಮ. ನೆಲದ ಒಂದು ಮರಳ ಕಣ ಹೊಕ್ಕಿದ್ದರೂ ಮುಂದಿನ ಪ್ರತಿ ಸವರಿಕೆ ಒಂದು ಗೀರು.

ಇಡೀ ಕೆಲಸ ನಡೆಯುವುದು ಆ ಜಾರುದ್ರವದ ತೆಳು ಪೊರೆಯ ಮೇಲೆ. ಕ್ಲೇ ಬಣ್ಣಕ್ಕೆ ತಾಗದೆ ಪೊರೆಯ ಮೇಲೆ ತೇಲುತ್ತದೆ, ಪೊರೆಯಿಂದ ತಲೆ ಎತ್ತಿದ್ದನ್ನು ಮಾತ್ರ ಕಚ್ಚಿ ಎಳೆಯುತ್ತದೆ. ಒಣ ಮೈಮೇಲೆ ಅದೇ ಕ್ಲೇ, ಅದೇ ಕೈ, ಗಾಯ ಮಾಡುತ್ತದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತಿದ್ದಲು ಹೋಗುವಾಗ ಈ ಪೊರೆಯಷ್ಟು ಸ್ನೇಹ ಮೊದಲೇ ಹರಡಿರುತ್ತದೆಯೇ ಎಂದು ನಾನು ಕೇಳಿಕೊಳ್ಳುತ್ತೇನೆ. ಶಾಲೆಗಳಲ್ಲಿ, ಮನೆಗಳಲ್ಲಿ, ಮಠಗಳಲ್ಲಿ ಒಣಗೈಯಿಂದ ಉಜ್ಜಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮುಟ್ಟಿದರೆ ಮೈಲಿಗೆ ಎಂದು ಶತಮಾನಗಟ್ಟಲೆ ನಂಬಿದ, ಎಷ್ಟೋ ಕಡೆ ಇಂದಿಗೂ ನಂಬುವ ಸಮಾಜ ನಮ್ಮದು. ಆ ನಂಬಿಕೆಯಲ್ಲಿ ಕೊಳೆ ಯಾವಾಗಲೂ ಇನ್ನೊಬ್ಬರ ಕೈಯಿಂದ ಬರುತ್ತದೆ, ಶುದ್ಧಿ ಎಂದರೆ ದೂರ ನಿಲ್ಲುವುದು. ಈ ಕೆಲಸ ಅದನ್ನು ಬುಡದಿಂದಲೇ ಅಲ್ಲಗಳೆಯುತ್ತದೆ. ಮುಟ್ಟದೆ ಕೊಳೆ ಇದೆಯೆಂದೇ ತಿಳಿಯದು, ಮುಟ್ಟದೆ ಅದು ಹೋಗದು, ಹೋಯಿತೆಂದು ಖಾತ್ರಿಯಾಗುವುದೂ ಮುಟ್ಟಿಯೇ. ಮನುಷ್ಯನ ಬೆರಳ ತುದಿ ಹದಿಮೂರು ನ್ಯಾನೊಮೀಟರ್‌ನಷ್ಟು ಸಣ್ಣ ಏರಿಳಿತದ ಮೇಲ್ಮೈಯನ್ನೂ ಪೂರಾ ನುಣುಪಾದದ್ದರಿಂದ ಬೇರೆ ಮಾಡಿ ಹೇಳಬಲ್ಲದು ಎಂದು ಸ್ಟಾಕ್‌ಹೋಮ್‌ನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಅಷ್ಟು ಸೂಕ್ಷ್ಮವಾದ ಅಂಗವನ್ನು ನಾವು ಹೀನವೆಂದು ಕಟ್ಟಿಹಾಕಿದೆವು. ಬೆಂಗಳೂರಿನ ಡೀಟೇಲಿಂಗ್ ಅಂಗಡಿಯೊಂದರ ನೆಲದಲ್ಲಿ ಮೊಣಕಾಲೂರಿ, ಬಾಗಿಲಿನ ಕೆಳಗಂಚನ್ನು ಸವರುತ್ತಿರುವ ಹುಡುಗ ಕಣ್ಣು ಬೇರೆಲ್ಲೋ ಇಟ್ಟು ಕೆಲಸ ಮಾಡುತ್ತಿರುತ್ತಾನೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಆ ಕಾರು ಎಷ್ಟು ಕಾಲ ಬಯಲಲ್ಲಿ ನಿಂತಿತ್ತು, ಯಾವ ಮಗ್ಗುಲು ರಸ್ತೆಯ ಕಡೆಗಿತ್ತು ಎಂಬುದನ್ನು ಅವನ ಬೆರಳು ಊಹಿಸಬಲ್ಲದು. ಮಾಲೀಕರು ಹೊಳಪು ನೋಡಿ ಹೊರಡುತ್ತಾರೆ, ಅವನನ್ನು ಕೇಳುವುದಿಲ್ಲ. ಕೇಳಬೇಕು. ಅವನ ಕೈಗೆ ಒಳ್ಳೆಯ ಗವಸು ಇದೆಯೇ ಎಂದೂ ನೋಡಬೇಕು, ಆ ದ್ರಾವಣ ಚರ್ಮಕ್ಕೆ ಒಳ್ಳೆಯದಲ್ಲ.

ಶುದ್ಧಿಯ ಆಸೆಗೆ ಕೊನೆಯಿಲ್ಲದಿರುವುದೇ ಇಲ್ಲಿಯ ಅಪಾಯ. ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದು ಅದೇ. ಕ್ಲೇ ಎಷ್ಟೇ ಮೆದುವಾದರೂ ಸಾಣೆಪುಡಿ ಸಾಣೆಪುಡಿಯೇ. ಕಪ್ಪು ಕಾರಿನ ಮೇಲೆ ಅದರ ಮಸುಕು ಗುರುತು ಕಾಣಿಸುತ್ತದೆ. ಅದನ್ನು ಅಳಿಸಲು ಪಾಲಿಶ್ ಮಾಡಿದರೆ ಕೋಟಿನದೇ ಒಂದು ಪಾಲು ಹೋಗುತ್ತದೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ. ಆಳಕ್ಕೆ ಇಳಿದ ಒಂದೆರಡು ಚುಕ್ಕೆ ಉಳಿದರೆ ಅವನ್ನು ಬಿಟ್ಟು, ಮೇಲೊಂದು ಮೇಣದ ರಕ್ಷೆ ಹಚ್ಚಿ ಕೈ ತೊಳೆದುಕೊಳ್ಳುವುದು ವಿವೇಕ. ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ಹೇಗೂ ಹೊಸ ಕಬ್ಬಿಣ ಹಾರುತ್ತದೆ, ಈ ಸಲ ನಮ್ಮದೇ ಚಕ್ರದಿಂದ, ಹಿಂದಿನ ಕಾರಿನ ಮೈಗೂ. ಆರು ತಿಂಗಳಿಗೊಮ್ಮೆ ಕ್ಲೇ ಮಾಡಿಸಿ ಎಂದು ಅಂಗಡಿಯವರು ಹೇಳುವುದುಂಟು. ಮೊದಲು ಚೀಲದೊಳಗೆ ಕೈ ಹಾಕಿ ಸವರಿ ನೋಡಿ. ಬೆರಳು ತಡೆಯದಿದ್ದರೆ ಆ ಸಲ ಕ್ಲೇ ಬೇಡ.