ರತ್ನಗಂಧಿಗೆ ಮಲ್ಲಿಗೆಯ ಉಪಚಾರ



ನಮ್ಮ ಬಳ್ಳಾರಿಯ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಮನುಷ್ಯರೇ ಬಾಡುತ್ತೇವೆ. ಆ ಬಿಸಿಲಿನಲ್ಲೂ ಕೆಂಪು-ಹಳದಿ ಹೂಗೊಂಚಲು ಹೊತ್ತು ನಿಲ್ಲುವ ಗಿಡ ರತ್ನಗಂಧಿ. ಇದರ ತವರು ಅಮೆರಿಕದ ಉಷ್ಣನಾಡುಗಳು. ಅಲ್ಲಿ ಇದರ ಮಕರಂದಕ್ಕೆ ಹಮ್ಮಿಂಗ್ ಬರ್ಡ್ ಎಂಬ ಪುಟ್ಟ ಹಕ್ಕಿ ಬರುತ್ತದೆ. ನಮ್ಮಲ್ಲಿ ಆ ಹಕ್ಕಿ ಇಲ್ಲ. ಸೂರಕ್ಕಿಗಳೂ ಚಿಟ್ಟೆಗಳೂ ಬರುತ್ತವೆ. ಹೂವಿನ ಉದ್ದ ಕೇಸರಗಳ ಪರಾಗ ಚಿಟ್ಟೆಯ ರೆಕ್ಕೆಗೆ ಅಂಟಿಕೊಂಡು ಮತ್ತೊಂದು ಹೂವಿಗೆ ಸೇರುತ್ತದೆ.

ಗಾಂಧಿನಗರದಲ್ಲಿ ನಾನೂ ಒಂದು ರತ್ನಗಂಧಿ ನೆಟ್ಟೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ, ಮಲ್ಲಿಗೆಯ ಪಕ್ಕದಲ್ಲೇ. ಎರಡಕ್ಕೂ ದಿನಾಲೂ ನೀರು, ಎರಡಕ್ಕೂ ಗೊಬ್ಬರ. ಮಲ್ಲಿಗೆ ಹೂ ಬಿಟ್ಟಿತು. ರತ್ನಗಂಧಿಯಲ್ಲಿ ಬರೀ ಎಲೆ. ಕಸ ಗುಡಿಸಲು ಬರುವ ಅಜ್ಜಿ ಒಂದು ದಿನ ನಕ್ಕು ಹೇಳಿದರು: "ಸ್ವಾಮೇರ, ಇದು ಬಿಸಿಲಿನ ಗಿಡ ಐತ್ರಿ. ನೀವು ಇದಕ್ಕ ಮಲ್ಲಿಗಿ ಉಪಚಾರ ಮಾಡಾಕ ಹತ್ತೀರಿ."

ಅಜ್ಜಿಯ ಮಾತು ನಿಜ. ಈ ಗಿಡಕ್ಕೆ ದಿನವಿಡೀ ಬಿಸಿಲು ಬೇಕು. ಬೇರೂರಿದ ಮೇಲೆ ಮಣ್ಣು ಒಣಗಿದಾಗ ಮಾತ್ರ ನೀರು ಸಾಕು. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮರಳು ಬೆರೆಸಿ ದಿಣ್ಣೆ ಮಾಡಿ ನೆಡಬೇಕು. ಚಳಿಗಾಲದ ಕೊನೆಗೆ ರೆಂಬೆ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಹೂ ಬರುತ್ತದೆ.

ಅದೇ ದಿನಗಳಲ್ಲಿ ಒಬ್ಬ ತಂದೆ ನನ್ನ ಬಳಿ ಬಂದರು. ಹಿರಿಯ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಿರಿಯವನು ಪಿಯುಸಿಯಲ್ಲಿ ಎರಡು ಸಲ ನಪಾಸು. ಎರಡು ತಿಂಗಳಿಂದ ಅಪ್ಪ-ಮಗನ ನಡುವೆ ಮಾತಿಲ್ಲ. "ಇಬ್ಬರಿಗೂ ಒಂದೇ ಊಟ, ಒಂದೇ ಟ್ಯೂಷನ್, ಒಂದೇ ಬೆತ್ತ ಫಾದರ್. ನಾನೇನು ಕಡಿಮೆ ಮಾಡಿದೆ?" ಎಂದು ಅತ್ತರು.

ನನಗೂ ನಾಚಿಕೆಯಾಯಿತು. ಜ್ಞಾನೋಪದೇಶದ ತರಗತಿಯಲ್ಲಿ ನಾನೂ ಆ ಹುಡುಗನಿಗೆ "ಅಣ್ಣನನ್ನು ನೋಡಿ ಕಲಿ" ಎಂದಿದ್ದೆ. ಆದರೆ ಜೀನ್ಸ್ ಹೊಲಿಯುವ ಯಂತ್ರ ಕೆಟ್ಟರೆ ಓಣಿಯವರೆಲ್ಲ ಕರೆಯುವುದು ಅವನನ್ನೇ. ಅದನ್ನು ನಾವಿಬ್ಬರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಫಲ ಕೊಡದ ಅಂಜೂರದ ಮರವಿದೆ. ಯಜಮಾನ ಕಡಿ ಎನ್ನುತ್ತಾನೆ. ತೋಟಗಾರನು ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಅಗೆದು ಗೊಬ್ಬರ ಹಾಕುವೆನೆನ್ನುತ್ತಾನೆ. ಅಂಜೂರದಲ್ಲಿ ಅವನು ದ್ರಾಕ್ಷಿಯನ್ನು ಹುಡುಕಲಿಲ್ಲ, ಅಂಜೂರವನ್ನೇ ಹುಡುಕಿದ. ದೈವಕೃಪೆಯು ನಮ್ಮ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ದೇವರೇ ಅಳಿಸದ ಸ್ವಭಾವವನ್ನು ನಾವು ಬೆತ್ತದಿಂದ ಅಳಿಸಲು ಹೊರಡುವುದೇಕೆ?

ಮಕ್ಕಳಿಗೆ ಶಿಸ್ತು ಬೇಡವೆಂದಲ್ಲ; ರತ್ನಗಂಧಿಗೂ ಕತ್ತರಿ ಬೇಕು. ಆದರೆ ಕತ್ತರಿ ಹಿಡಿದವರಿಗೆ ಗಿಡದ ಗುಣ ಗೊತ್ತಿರಬೇಕು. ಎಲ್ಲರಿಗೂ ಒಂದೇ ಸಮ ಕೊಟ್ಟೆವೆಂಬ ತೃಪ್ತಿ ಸಾಲದು. ಈ ಮಗುವಿಗೆ ಬೇಕಾದದ್ದನ್ನು ಕೊಟ್ಟೆವೇ ಎಂದು ಕೇಳಿಕೊಳ್ಳಬೇಕು.

ಆ ತಂದೆ ಅಂದು ಏನೂ ಹೇಳದೆ ಹೋದರು. ಮುಂದಿನ ಭಾನುವಾರ ಬಲಿಪೂಜೆಗೆ ಮಗನ ಜೊತೆ ಬಂದು ಒಂದೇ ಬೆಂಚಿನಲ್ಲಿ ಕುಳಿತರು. ನಾನು ಹುಡುಗನ ಬಳಿ ಹೋಗಿ ಕ್ಷಮೆ ಕೇಳಿದೆ. ನನ್ನ ರತ್ನಗಂಧಿ ಈಗ ಬಿಸಿಲಿನಲ್ಲಿದೆ.

ಪ್ರಿಯ ತಂದೆತಾಯಂದಿರೇ, ಇಂದು ರಾತ್ರಿ ಜಪಮಾಲೆಯ ನಂತರ ಪ್ರತಿ ಮಗುವಿನ ಹೆಸರನ್ನೂ ಬೇರೆ ಬೇರೆಯಾಗಿ ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸಿ. ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.