ಬಾಗಿಲು ತೆರೆದರೂ ಹಾರದ ಗಿಳಿ

ಮನುಷ್ಯನ ಮನೆಯಲ್ಲಿ ಆಶ್ರಯ ಪಡೆದ ಪ್ರಾಣಿಗಳಲ್ಲಿ ಹಸುವು ಹಾಲನ್ನೂ, ಎತ್ತು ದುಡಿಮೆಯನ್ನೂ, ನಾಯಿಯು ಕಾವಲನ್ನೂ ಕೊಡುತ್ತವೆ. ಗಿಳಿಯಾದರೋ ಇವಾವುದನ್ನೂ ಕೊಡದು. ಅದು ಕೊಡತಕ್ಕದ್ದು ನಾಲ್ಕು ಮಾತು ಮಾತ್ರ. ಆ ನಾಲ್ಕು ಮಾತುಗಳಿಗಾಗಿಯೇ ಅದಕ್ಕೆ ಪಂಜರವಾಸವು ಪ್ರಾಪ್ತವಾಯಿತು. ಹೀಗಿರಲು ಗಿಳಿಯನ್ನು ಸಾಕುವುದು ಧರ್ಮವೇ, ಸಾಕಿದವನ ಹೊಣೆಯು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯು ಗೃಹಸ್ಥರಿಗೆ ವಿಚಾರಾರ್ಹವಾದುದಾಗಿದೆ.

ಕನಕಪುರದ ರಸ್ತೆಯಲ್ಲಿರುವ ಹಾರೋಹಳ್ಳಿಯ ಕಡೆಯವರಿಗೆ ಗಿಳಿಯು ಅಪರಿಚಿತವಲ್ಲ. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನದ ಒಂದು ವಲಯಕ್ಕೆ ಈ ಊರಿನ ಹೆಸರೇ ಇದೆ. ರಾಗಿಯ ತೆನೆ ಬಲಿಯುವ ಕಾಲಕ್ಕೆ ಹಿಂಡುಹಿಂಡಾಗಿ ಇಳಿಯುವ ಗಿಳಿಗಳನ್ನು ರೈತನು ಕೂಗು ಹಾಕಿ ಓಡಿಸುತ್ತಾನೆ. ಹೊಲದಲ್ಲಿ ಕಳ್ಳನೆನಿಸಿಕೊಂಡ ಆ ಹಕ್ಕಿಯೇ ಜಗಲಿಯ ಪಂಜರದಲ್ಲಿ ಮನೆಯ ಮಗುವೆನಿಸಿಕೊಳ್ಳುತ್ತದೆ.

ಆ ಊರಿನ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಭರಣಿ ಮಳೆಯ ಗಾಳಿಗೆ ಹಳೆಯ ಮರದ ಕೊಂಬೆ ಮುರಿದು, ಪೊಟರೆಯಲ್ಲಿದ್ದ ಮರಿಯೊಂದು ನೆಲಕ್ಕೆ ಬಿತ್ತು. ಆ ಮನೆಯ ಅಜ್ಜಿಯು ಅದನ್ನು ಬೆಕ್ಕಿನ ಬಾಯಿಂದ ತಪ್ಪಿಸಿ, ಗುಟುಕು ಕೊಟ್ಟು ಬದುಕಿಸಿದಳು. ಎರಡು ವರ್ಷಗಳಲ್ಲಿ ಅದು ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವಷ್ಟಾಯಿತು. ಒಂದು ದಿನ ಪಂಜರದ ಬಾಗಿಲು ತೆರೆದೇ ಉಳಿಯಿತು. ಗಿಳಿಯು ಹೊರಬಂದು, ಪಂಜರದ ನೆತ್ತಿಯ ಮೇಲೆ ಕುಳಿತು, ಮತ್ತೆ ಒಳಗೆ ಹೋಯಿತು. “ನೋಡಿದೆಯಾ ಅಜ್ಜಿ, ಅದಕ್ಕೆ ನಮ್ಮನ್ನು ಬಿಟ್ಟು ಹೋಗಲು ಮನಸ್ಸಿಲ್ಲ” ಎಂದು ಹುಡುಗಿಯು ಹಿಗ್ಗಿದಳು. ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲು ಮನಸ್ಸಿಲ್ಲವೋ, ಹೋಗಲು ಊರಿಲ್ಲವೋ, ಯಾರು ಬಲ್ಲರು ಮಗು” ಎಂದಳು.

ಈ ವಿಷಯದಲ್ಲಿ ಇರುವ ಸಂದೇಹವೆಲ್ಲವೂ ಅಜ್ಜಿಯ ಆ ಒಂದು ಮಾತಿನಲ್ಲಿ ಅಡಗಿದೆ. ಮಹಾಭಾರತದ ಅನುಶಾಸನಪರ್ವದಲ್ಲಿ ಒಂದು ಗಿಳಿಯ ಕಥೆಯುಂಟು. ಬೇಡನ ವಿಷದ ಬಾಣವು ಗುರಿ ತಪ್ಪಿ ಮಹಾವೃಕ್ಷವೊಂದಕ್ಕೆ ನಾಟಲು, ಮರವು ಒಣಗಿತು. ಉಳಿದ ಹಕ್ಕಿಗಳೆಲ್ಲ ಬೇರೆಡೆಗೆ ಹೋದರೂ ಅದರ ಪೊಟರೆಯ ಗಿಳಿಯು ಮಾತ್ರ ಕದಲಲಿಲ್ಲ. ಇಂದ್ರನೇ ಬ್ರಾಹ್ಮಣವೇಷದಿಂದ ಬಂದು ಕಾರಣ ಕೇಳಿದಾಗ, ತಾನು ಹುಟ್ಟಿ ಬೆಳೆದು ರಕ್ಷಣೆ ಪಡೆದ ಮರವನ್ನು ಅದರ ಕಷ್ಟಕಾಲದಲ್ಲಿ ಹೇಗೆ ಬಿಡಲೆಂದಿತು. ವರ ಬೇಡೆಂದಾಗಲೂ ಮರದ ಚಿಗುರನ್ನೇ ಬೇಡಿತು. ಗಿಳಿಯು ತಾನಾಗಿಯೇ ಉಳಿದುಕೊಳ್ಳುತ್ತದೆ, ಆದುದರಿಂದ ಸಾಕುವುದರಲ್ಲಿ ದೋಷವಿಲ್ಲವೆನ್ನುವವರು ಈ ಕಥೆಯನ್ನು ಆಧಾರವಾಗಿ ಹಿಡಿಯಬಹುದು. ಆದರೆ ಆ ಗಿಳಿಗೆ ರೆಕ್ಕೆಯ ಬಲವಿತ್ತು, ಅಡವಿಯ ದಾರಿ ತಿಳಿದಿತ್ತು, ಹೋಗಬಲ್ಲದ್ದಾಗಿಯೂ ಉಳಿಯಿತು. ಪಂಜರದ ಗಿಳಿಯು ಹೊರಗಿನ ಲೋಕವನ್ನೇ ಅರಿಯದು. ಹೋಗುವ ಶಕ್ತಿಯಿಲ್ಲದವನು ಉಳಿದುಕೊಂಡರೆ ಅದನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯವಾಗದು.

ಹಿಂದಿನವರೂ ಗಿಳಿಗಳನ್ನು ಸಾಕಿರಲಿಲ್ಲವೇ ಎಂಬ ಮತ್ತೊಂದು ವಾದವುಂಟು. ಸಾಕಿದ್ದರು, ನಿಜ. ಆದರೆ ನಾಗವರ್ಮನು ಕನ್ನಡಕ್ಕೆ ತಂದ ಬಾಣನ ಕಾದಂಬರಿಯಲ್ಲಿ, ಶೂದ್ರಕನ ಸಭೆಗೆ ಚಿನ್ನದ ಪಂಜರದಲ್ಲಿ ಬಂದ ವೈಶಂಪಾಯನವೆಂಬ ಗಿಳಿಯು ಹೇಳುವ ಆತ್ಮಕಥೆಯನ್ನು ಮರೆಯಲಾಗದು. ಮುದಿ ಬೇಡನೊಬ್ಬನು ಬೂರುಗದ ಮರವನ್ನೇರಿ ಮರಿಗಳನ್ನು ಹಿಸುಕಿ ಎಸೆಯುತ್ತಿರಲು, ತಂದೆಯ ರೆಕ್ಕೆಯೊಳಗೆ ಅವಿತಿದ್ದ ಮರಿಯು ತರಗೆಲೆಗಳ ಮೇಲೆ ಬಿದ್ದು ಉಳಿಯಿತು. ಸಭೆಯನ್ನು ಮೆಚ್ಚಿಸಿದ ಮಾತಿನ ಹಿಂದೆ ಇಂತಹ ನೋವಿತ್ತೆಂಬುದನ್ನು ಕವಿಯು ಗಿಳಿಯ ಬಾಯಿಂದಲೇ ಹೇಳಿಸಿದ್ದಾನೆ. ಸಂತೆಯಲ್ಲಿ ಕದ್ದು ಮಾರುವ ಮರಿಯ ಹಿಂದೆಯೂ ಒಂದು ಬರಿದಾದ ಪೊಟರೆಯಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಈ ದೇಶದ ಗಿಳಿಗಳನ್ನು ಹಿಡಿಯುವುದನ್ನೂ ಮಾರುವುದನ್ನೂ ಮನೆಯಲ್ಲಿಟ್ಟುಕೊಳ್ಳುವುದನ್ನೂ ನಿಷೇಧಿಸಿರುವುದು ಈ ಕಾರಣದಿಂದ ಉಚಿತವೇ ಆಗಿದೆ.

ಹಾಗಾದರೆ ಪಂಜರವನ್ನು ತೆರೆದು, ಗಿಳಿಯನ್ನು ಆಕಾಶಕ್ಕೆ ತೂರಿ, ಪುಣ್ಯ ಬಂತೆಂದು ಕೈ ತೊಳೆದುಕೊಳ್ಳಬಹುದೇ? ಅದೂ ಸಲ್ಲದು. ಅಡವಿಯ ಮರಿಯು ಯಾವ ಹಣ್ಣು ತಿನ್ನಬೇಕು, ಗಿಡುಗ ಬಂದರೆ ಹೇಗೆ ಅಡಗಬೇಕು ಎಂಬುದನ್ನು ಹಿಂಡಿನೊಡನೆ ಇದ್ದು ಕಲಿಯುತ್ತದೆ. ಮನುಷ್ಯನ ಕೈಯಲ್ಲಿ ಬೆಳೆದುದಕ್ಕೆ ಈ ವಿದ್ಯೆಯಿಲ್ಲ. ಭಯವಿಲ್ಲದೆ ಮನುಷ್ಯನ ಹೆಗಲಿಗೂ ಬೆಕ್ಕಿನ ಎದುರಿಗೂ ಇಳಿಯುತ್ತದೆ. ಅಜ್ಜಿಯು ಕರುಣೆಯಿಂದಲೇ ಎತ್ತಿಕೊಂಡಳು. ಆದರೂ ಆ ಕರುಣೆಯಿಂದ ಒಂದು ಋಣ ಹುಟ್ಟಿತು. ಬಾಗಿಲು ತೆರೆದ ಮಾತ್ರಕ್ಕೆ ಅದು ತೀರದು. ಅರಣ್ಯ ಇಲಾಖೆಗೆ ತಿಳಿಸಿ, ಅವರ ಮೂಲಕ ಆ ಹಕ್ಕಿಯನ್ನು ಮತ್ತೆ ಹಿಂಡಿಗೆ ಸೇರಿಸಬಲ್ಲ ಬಲ್ಲವರ ಕೈಗೆ ಒಪ್ಪಿಸುವುದೇ ಆ ಮನೆಯ ಕರ್ತವ್ಯ. ಹುಡುಗಿಯು ಅಳುವಳು, ಜಗಲಿಯು ಬಣಗುಡುವುದು. ಆ ದುಃಖವನ್ನು ಹಕ್ಕಿಯ ಮೇಲೆ ಹೊರಿಸದೆ ತಾವೇ ಹೊರುವುದರಲ್ಲಿ ಪ್ರೀತಿಯ ಪರೀಕ್ಷೆಯಿದೆ.

ಇನ್ನು ಪರದೇಶದ ಜಾತಿಗಳಾಗಿ ತಲೆತಲಾಂತರದಿಂದ ಪಂಜರದಲ್ಲಿಯೇ ಹುಟ್ಟಿದವೂ, ಗಾಯಗೊಂಡು ಹಾರಲಾರದವೂ ಉಂಟು. ಜನರು ಲವ್ ಬರ್ಡ್ಸ್ ಎಂದು ಕರೆಯುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದವು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನದಲ್ಲಿ ಇಂತಹ ಅನೇಕ ಜಾತಿಗಳಿವೆ. 2017ರಲ್ಲಿ ಅಲ್ಲಿ 468 ಜಾತಿಯ ಹಕ್ಕಿಗಳಿದ್ದುದು ಗಿನ್ನೆಸ್ ದಾಖಲೆಯಾಯಿತು. ಇವುಗಳಿಗೆ ಮರಳುವ ಅಡವಿಯಿಲ್ಲವಾದುದರಿಂದ ಪಾಲನೆಯೇ ಧರ್ಮ. ಆ ಪಾಲನೆಯಾದರೂ ಬರಿಯ ಕಾಳು ನೀರಿನಿಂದ ಮುಗಿಯುವುದಲ್ಲ. ಒಣ ಕಾಳನ್ನೇ ತಿಂದ ಗಿಳಿಯು ಜೀವಸತ್ವಗಳಿಲ್ಲದೆ ಸೊರಗುತ್ತದೆ. ಸೊಪ್ಪು, ತರಕಾರಿ, ಸೀಬೆಯ ಹೋಳು ಅದಕ್ಕೆ ಬೇಕು. ಬೆಣ್ಣೆಹಣ್ಣೂ ಚಾಕೊಲೇಟೂ ಅದಕ್ಕೆ ವಿಷ. ಅಂಟದ ಲೇಪದ ಬಾಣಲೆಯು ಅತಿಯಾಗಿ ಕಾದಾಗ ಏಳುವ ಆವಿಯಿಂದ ಅದು ಕ್ಷಣಗಳಲ್ಲಿ ಸಾಯಬಹುದು. ಕೂರಲು ಏರುತಗ್ಗಿನ ಕೊಂಬೆ, ಕಡಿಯಲು ಮರದ ತುಂಡು, ರಾತ್ರಿ 10-12 ಗಂಟೆಗಳ ನಿಶ್ಶಬ್ದವಾದ ಕತ್ತಲೆ, ಎಲ್ಲಕ್ಕಿಂತ ಮಿಗಿಲಾಗಿ ಜೊತೆ ಬೇಕು. ಒಂಟಿಯಾದ ಗಿಳಿಯು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು. ದೊಡ್ಡ ಜಾತಿಯವು 50 ವರ್ಷಕ್ಕೂ ಮೇಲೆ ಬದುಕಬಲ್ಲವಾದುದರಿಂದ, ತನ್ನ ಅನಂತರ ಇದನ್ನು ನೋಡುವವರು ಯಾರೆಂಬುದನ್ನು ವಯಸ್ಸಾದವನು ಮೊದಲೇ ನಿಶ್ಚಯಿಸಿರಬೇಕು.

ಸಾಕುವ ಕ್ರಮವನ್ನು ಬರೆದು ತಿಳಿಸುವವರಿಗೂ ಈ ಹೊಣೆಯಲ್ಲಿ ಪಾಲುಂಟು. ಪಾಲನೆಯನ್ನು ಸುಲಭವೆಂದು ವರ್ಣಿಸಿದ ಬರಹದಿಂದ ಹೊಸ ಪಂಜರಗಳು ಮಾರಾಟವಾಗುತ್ತವೆ. ಅದರ ಕಷ್ಟವನ್ನು ಇದ್ದಂತೆ ತಿಳಿಸಿದ ಬರಹದಿಂದ ಮನೆಯಲ್ಲಿರುವ ಹಕ್ಕಿಗೆ ಹಿತವಾಗುವುದಲ್ಲದೆ, ತರಬೇಕೆಂದು ಹೊರಟವನ ಕಾಲೂ ತಡೆಯುತ್ತದೆ. ಇರುವುದನ್ನು ಕೊನೆಯವರೆಗೆ ಸಾಕಿ, ಅದರ ತರುವಾಯ ಪಂಜರವನ್ನು ಬರಿದಾಗಿಯೇ ಉಳಿಸುವ ಗೃಹಸ್ಥನು ಗಿಳಿಗಳನ್ನು ಪ್ರೀತಿಸಿದವನೆನ್ನಬಹುದು. ರಾಗಿಯ ಹೊಲದ ಮೇಲೆ ಕಿರುಚುತ್ತ ಹೋಗುವ ಹಿಂಡಿಗೆ ಅವನ ಹೆಸರು ಹಿಡಿದು ಕರೆಯಲು ಬಾರದು. ಅಷ್ಟಾದರೂ ಅಂತಹವನು ಸಂಜೆ ಜಗಲಿಯಲ್ಲಿ ಕುಳಿತು ಆ ಸದ್ದನ್ನು ಕೇಳಿ ತೃಪ್ತನಾಗುವನು.